ಹೆರಿಗೆ ವಾರ್ಡಿನಲ್ಲಿ ಸ್ವಯಂಸೇವೆ: ಬಾಣಂತಿಯ ಪಕ್ಕ ಕೂರುವುದು ಹೇಗೆ?

ಹೆರಿಗೆ ವಾರ್ಡಿನ ನರ್ಸ್‌ಗೆ ಕೆಲಸ ಗೊತ್ತಿರುತ್ತದೆ, ಪುರಸೊತ್ತು ಇರುವುದಿಲ್ಲ. ಕೂಸು ಎದೆಗೆ ಬಾಯಿ ಹಾಕಿದಾಗಿನಿಂದ ತಾನಾಗಿ ಬಿಡುವವರೆಗೆ ಅರ್ಧ ಗಂಟೆಯಾದರೂ ಆಗಬಹುದು. ಹತ್ತಾರು ಹಾಸಿಗೆ ನೋಡಿಕೊಳ್ಳುವವರು ಅಷ್ಟು ಹೊತ್ತು ಒಬ್ಬರ ಬಳಿಯೇ ಕೂರಲಾರರು. ಸ್ವಯಂಸೇವಕರು ಕೊಡಬೇಕಾದದ್ದು ಆ ಅರ್ಧ ಗಂಟೆಯನ್ನು. ಚಿಕಿತ್ಸೆ ಕೊಡುವುದು ನಮ್ಮ ಕೆಲಸವಲ್ಲ. ಕೂರುವುದು, ಗಮನವಿಟ್ಟು ನೋಡುವುದು, ಸಂಶಯ ಬಂದ ಕೂಡಲೇ ನರ್ಸ್‌ನ್ನು ಕರೆಯುವುದು, ಇಷ್ಟನ್ನು ಸರಿಯಾಗಿ ಮಾಡಿದರೂ ದೊಡ್ಡ ಉಪಕಾರ.

ಶುರು ಮಾಡುವ ಮೊದಲು

ಆಸ್ಪತ್ರೆಯ ಜೊತೆ ಮಾತಾಡಿ ಒಂದು ಪುಟದ ಒಪ್ಪಂದ ಬರೆದುಕೊಳ್ಳಿ. ಯಾವ ವಾರ್ಡು, ಯಾವ ಹೊತ್ತು, ಯಾರಿಗೆ ವರದಿ ಮಾಡಬೇಕು ಎಂಬುದರ ಜೊತೆಗೆ ಏನೇನು ಮಾಡಬಾರದು ಎಂಬುದೂ ಅದರಲ್ಲಿರಲಿ: ಔಷಧಿ ಕೊಡುವಂತಿಲ್ಲ, ಡ್ರಿಪ್ ಮುಟ್ಟುವಂತಿಲ್ಲ, ಹೊಲಿಗೆ ಬಿಚ್ಚಿ ನೋಡುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ಮಗುವನ್ನು ವಾರ್ಡಿನ ಬಾಗಿಲು ದಾಟಿಸುವಂತಿಲ್ಲ. ದಡಾರ, ಸೀತಾಳೆ ಸಿಡುಬು (ಚಿಕನ್‌ಪಾಕ್ಸ್), ನಾಯಿಕೆಮ್ಮಿನ ಲಸಿಕೆಗಳ ಬಗ್ಗೆ ಆಸ್ಪತ್ರೆ ಕೇಳಿದರೆ ದಾಖಲೆ ತೋರಿಸಿ. ನೆಗಡಿ, ಜ್ವರ, ಭೇದಿ ಇರುವ ದಿನ ಬರಬೇಡಿ. ತುಟಿಯ ಮೇಲೆ ನೀರುಗುಳ್ಳೆ ಎದ್ದಿದ್ದರೂ ಬರಬೇಡಿ, ಆ ವೈರಸ್ ಹಸುಗೂಸಿನ ಪ್ರಾಣಕ್ಕೇ ಅಪಾಯ.

ಒಂದು ಪಾಳಿಗೆ 3 ಗಂಟೆ, ಇಬ್ಬರು ಸಾಕು. ಹೆಚ್ಚಿನವರು ಬೆಳಗಿನ ಹೊತ್ತನ್ನು ಕೇಳುತ್ತಾರೆ. ಆದರೆ ತಾಯಂದಿರಿಗೆ ಜನ ಬೇಕಾಗುವುದು ನೋಡಲು ಬಂದವರೆಲ್ಲ ಮನೆಗೆ ಹೋದ ಮೇಲೆ, ಅದರಲ್ಲೂ ಹೆರಿಗೆಯಾದ ಎರಡನೇ ರಾತ್ರಿ. ಅಂದು ಬಹಳ ಕೂಸುಗಳು ಗಳಿಗೆಗೊಮ್ಮೆ ಎದೆ ಹುಡುಕುತ್ತವೆ, ತಾಯಿ ತನಗೆ ಹಾಲೇ ಇಲ್ಲವೆಂದು ಹೆದರುತ್ತಾಳೆ. ನಿಮ್ಮಲ್ಲಿ ಜನ ಕಡಿಮೆಯಿದ್ದರೆ ಬೆಳಗಿನ ಪಾಳಿ ಬಿಟ್ಟು ರಾತ್ರಿಯದನ್ನು ಉಳಿಸಿಕೊಳ್ಳಿ.

ಹಾಲಿನ ಪುಡಿ ಕಂಪನಿಗಳು ಕೊಡುವ ಚೀಲ, ಮಾದರಿ ಡಬ್ಬಿ, ಕ್ಯಾಲೆಂಡರ್ ಯಾವುದನ್ನೂ ಹಂಚಬೇಡಿ. ಇಂಥ ಪ್ರಚಾರ ಕೂಡದೆಂದು ವಿಶ್ವ ಆರೋಗ್ಯ ಸಭೆ 1981ರಲ್ಲೇ ಸಂಹಿತೆ ಅಂಗೀಕರಿಸಿದೆ.

ವಾರ್ಡಿಗೆ ಕಾಲಿಟ್ಟಾಗ

ಗಡಿಯಾರ, ಉಂಗುರ, ಬಳೆ ತೆಗೆದಿಡಿ, ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ. ಸೋಪು ನೀರಿನಲ್ಲಿ ಕೈ ತೊಳೆಯಲು 40ರಿಂದ 60 ಸೆಕೆಂಡ್ ಬೇಕು, ಸ್ಯಾನಿಟೈಸರ್ ಆದರೆ 20ರಿಂದ 30. ತಪ್ಪಿಹೋಗುವುದು ಹೆಬ್ಬೆರಳು ಮತ್ತು ಬೆರಳ ತುದಿಗಳು. ಅದಕ್ಕಿಂತ ದೊಡ್ಡ ತಪ್ಪೆಂದರೆ ಕೈ ತೊಳೆದ ಮೇಲೆ ಫೋನ್ ಮುಟ್ಟುವುದು. ಫೋನ್ ಹೊರಗಿರಲಿ.

ಮೊದಲು ಹೋಗಬೇಕಾದ್ದು ಪಾಳಿಯ ನರ್ಸ್ ಬಳಿಗೆ. ಚೊಚ್ಚಲ ಬಾಣಂತಿ ಯಾರು, ಸಿಸೇರಿಯನ್ ಆದವರು ಯಾರು, ಯಾರ ಹತ್ತಿರ ಈಗ ಹೋಗಬಾರದು, ಈ ಮೂರನ್ನು ಕೇಳಿಕೊಳ್ಳಿ. ಮೂರನೆಯದನ್ನು ಮರೆಯಲೇಬೇಡಿ. ಪಕ್ಕದ ತೊಟ್ಟಿಲು ಖಾಲಿ ಇದ್ದರೆ ಮಗು ವಿಶೇಷ ಘಟಕದಲ್ಲಿರಬಹುದು, ಉಳಿದಿಲ್ಲದೆಯೂ ಇರಬಹುದು. ಗೊತ್ತಿಲ್ಲದೆ ಹೇಳಿದ ಒಂದು ಶುಭಾಶಯ ಆ ತಾಯಿಯನ್ನು ಎಷ್ಟು ನೋಯಿಸೀತೆಂದು ಯೋಚಿಸಿ.

ಹಾಲೂಡಿಸುವಾಗ

ಅಳು ಶುರುವಾಗುವ ತನಕ ಕಾಯಬೇಡಿ. ಕೂಸು ತಲೆ ಅತ್ತಿತ್ತ ಹೊರಳಿಸುತ್ತದೆ, ಬಾಯಿ ತೆರೆಯುತ್ತದೆ, ಮುಷ್ಟಿಯನ್ನು ಬಾಯಿಗೆ ತರುತ್ತದೆ. ಹಸಿವಿನ ಗುರುತು ಇವೇ. ಅಳುವ ಕೂಸಿನ ನಾಲಿಗೆ ಮೇಲಕ್ಕೆ ಸೆಟೆದಿರುವುದರಿಂದ ಮೊಲೆ ಸರಿಯಾಗಿ ಹಿಡಿಯಲಾಗದು. ಅಂಥ ಹೊತ್ತಿನಲ್ಲಿ ಮೊದಲು ಸಮಾಧಾನ, ಆಮೇಲೆ ಹಾಲು.

ಮೊದಲು ತಾಯಿಯ ಮೈಯನ್ನು ನೋಡಿ. ಬೆನ್ನಿಗೆ ದಿಂಬು, ಪಾದಕ್ಕೆ ಆಸರೆ ಇದ್ದು ಭುಜ ಸಡಿಲವಾಗಿರಲಿ. ಸಿಸೇರಿಯನ್ ಆಗಿದ್ದರೆ ಒಂದು ಮಗ್ಗುಲಾಗಿ ಮಲಗಿ ಅಥವಾ ಮಗುವನ್ನು ಕಂಕುಳಡಿ ಹಿಡಿದು ಊಡಿಸಿದರೆ ಗಾಯದ ಮೇಲೆ ಭಾರ ಬೀಳದು. ಮಗುವಿನ ತಲೆ, ಬೆನ್ನು ಒಂದೇ ಗೆರೆಯಲ್ಲಿರಬೇಕು, ಹೊಟ್ಟೆ ತಾಯಿಯ ಮೈಗೆ ಅಂಟಿರಬೇಕು, ಮೂಗು ಮೊಲೆತೊಟ್ಟಿಗೆ ಎದುರಾಗಿರಬೇಕು. ಬಾಯಿ ಆಕಳಿಸುವಷ್ಟು ಅಗಲವಾದಾಗ ಮಗುವನ್ನು ಎದೆಯ ಕಡೆಗೆ ತರಬೇಕು. ಎದೆಯನ್ನು ಮಗುವಿನ ಬಾಯಿಗೆ ತುರುಕಲು ಹೋದರೆ ತಾಯಿ ಬಾಗಿ ಕೂತು ಬೆನ್ನು ನೋಯಿಸಿಕೊಳ್ಳುತ್ತಾಳೆ. ಮಗುವಿನ ಹಿಂದಲೆಯನ್ನು ಅದುಮಿದರಂತೂ ಅದು ಬೆನ್ನು ಸೆಟೆದು ದೂರ ಸರಿಯುತ್ತದೆ. ಅಮ್ಮನ ಅಂಗೈ ಮಗುವಿನ ಹೆಗಲ ಹಿಂದೆ ಇರಲಿ.

ಹಿಡಿತ ಸರಿಯಿದ್ದರೆ ಮಗುವಿನ ಗದ್ದ ಮೊಲೆಗೆ ತಾಗಿರುತ್ತದೆ, ಕೆಳತುಟಿ ಹೊರಕ್ಕೆ ಮಗುಚಿರುತ್ತದೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತದೆ. ಮೊದಮೊದಲು ಚುರುಕಾಗಿ ಚೀಪಿ, ಆಮೇಲೆ ನಿಧಾನವಾಗಿ, ಆಳವಾಗಿ ಎಳೆದು ನುಂಗುತ್ತದೆ. "ಈಗ ನುಂಗ್ತು, ಕೇಳಿಸ್ತಾ?" ಎಂದು ಮೆಲ್ಲಗೆ ತೋರಿಸಿಕೊಡಿ. ನೂರು ಸಲಹೆಗಳಿಗಿಂತ ಆ ಒಂದು ಸದ್ದು ತಾಯಿಗೆ ಧೈರ್ಯ ಕೊಡುತ್ತದೆ. ಕೂಸು ಬಿಟ್ಟ ಮೇಲೆ ತೊಟ್ಟು ಒಂದು ಕಡೆ ಚಪ್ಪಟೆಯಾಗಿದ್ದರೆ, ಊಡಿಸುವಷ್ಟು ಹೊತ್ತೂ ನೋವಿದ್ದರೆ ಮಗು ತೊಟ್ಟನ್ನು ಮಾತ್ರ ಕಚ್ಚಿದೆ ಎಂದು ಅರ್ಥ. ಎಳೆದು ಬಿಡಿಸಬಾರದು. ತಾಯಿ ತನ್ನ ಶುಭ್ರವಾದ ಕಿರುಬೆರಳನ್ನು ಮಗುವಿನ ಬಾಯಿಯ ಅಂಚಿನಲ್ಲಿ ತೂರಿಸಿದರೆ ಹಿಡಿತ ತಾನೇ ಸಡಿಲುತ್ತದೆ. ಆಮೇಲೆ ಮತ್ತೆ ಹಿಡಿಸಬಹುದು.

ಮೊದಲ ದಿನ ಒಂದು ಸಲಕ್ಕೆ ಬರುವುದು ಕೆಲವೇ ಮಿಲಿಲೀಟರ್ ಗಟ್ಟಿ ಹಾಲು. ಎಳೆ ಹೊಟ್ಟೆಗೆ ಅಷ್ಟೇ ಬೇಕಾದದ್ದು. ದಿನಕ್ಕೆ 8ರಿಂದ 12 ಬಾರಿ ಊಡಿಸುತ್ತಿದ್ದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನದೊಳಗೆ ಹಾಲು ತುಂಬಿ ಬರುತ್ತದೆ. ಹೊಟ್ಟೆಗೆ ಸಾಕಾಗುತ್ತಿದೆಯೇ ಎಂದು ತಿಳಿಯಲು ಒದ್ದೆ ಬಟ್ಟೆ ಎಣಿಸಿ: ಮೊದಲ ದಿನ ಕನಿಷ್ಠ 1, ಎರಡನೇ ದಿನ 2, ಐದಾರನೇ ದಿನದ ಹೊತ್ತಿಗೆ 6 ಅಥವಾ ಹೆಚ್ಚು. ಕಪ್ಪು ಮಲವೂ ಅಷ್ಟರಲ್ಲಿ ಹಳದಿಗೆ ತಿರುಗಿರಬೇಕು. ಮೊದಲ ದಿನಗಳಲ್ಲಿ ತೂಕ ತುಸು ಇಳಿಯುವುದು ಸಹಜ. ಇಳಿಕೆ ಶೇ 10ಕ್ಕೆ ಸಮೀಪಿಸಿದರೆ ವೈದ್ಯರು ನೋಡಲೇಬೇಕು.

ಎದೆಗಪ್ಪಿ ಮಲಗಿಸುವಾಗ

ಟೊಪ್ಪಿ, ಡೈಪರ್ ಬಿಟ್ಟರೆ ಮಗುವಿನ ಮೈಮೇಲೆ ಬಟ್ಟೆ ಬೇಡ. ತಾಯಿಯ ಎರಡು ಮೊಲೆಗಳ ನಡುವೆ ನೆಟ್ಟಗೆ ಮಲಗಿಸಿ, ಕೈಕಾಲು ಕಪ್ಪೆಯಂತೆ ಮಡಚಿ, ಮುಖ ಒಂದು ಬದಿಗೆ ತಿರುಗಿಸಿ, ಬೆನ್ನ ಮೇಲೆ ಬಟ್ಟೆ ಹೊದಿಸಬೇಕು. 2.5 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಇದನ್ನು ದಿನಕ್ಕೆ 8ರಿಂದ 24 ಗಂಟೆ ಮಾಡಲು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇಲ್ಲಿ ನಿಮ್ಮ ಕಣ್ಣೇ ಮುಖ್ಯ. ಮೂಗು, ಬಾಯಿ ಸದಾ ಕಾಣುತ್ತಿರಬೇಕು, ಕತ್ತು ಮುಂದಕ್ಕೆ ಮಡಚಿರಬಾರದು. ಹೆರಿಗೆಯಾದ ಮೊದಲ 2 ಗಂಟೆ ಮಗುವಿನ ಉಸಿರು, ಬಣ್ಣದ ಮೇಲಿಂದ ದೃಷ್ಟಿ ತೆಗೆಯಬೇಡಿ. ದಣಿದ ತಾಯಿ ತೂಕಡಿಸತೊಡಗಿದರೆ ಅವರಿಗೆ ಹೇಳಿ, ನರ್ಸ್ ನೆರವಿನಿಂದ ಮಗುವನ್ನು ತೊಟ್ಟಿಲಿಗೆ ಹಾಕಿಸಿ. ತೊಟ್ಟಿಲಿನಲ್ಲಿ ಅಂಗಾತ ಮಲಗಿಸಬೇಕು, ದಿಂಬು ಬೇಡ.

ಕೂಡಲೇ ಕರೆಯಬೇಕಾದ ಹೊತ್ತು

ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ, ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆದರೆ, ಮೈ ಜ್ವರದಿಂದ ಸುಡುತ್ತಿದ್ದರೆ ಅಥವಾ ತಣ್ಣಗಾದರೆ, ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಎಂದಾದರೂ ಅಂಗೈ ಅಂಗಾಲು ಹಳದಿಯಾದರೆ ಒಂದು ನಿಮಿಷವೂ ಕಾಯಬೇಡಿ. ಉಸಿರು ಜೋರಾಗಿದೆ ಅನಿಸಿದರೆ ಪೂರ್ತಿ 1 ನಿಮಿಷ ಎಣಿಸಿ. ಹಸುಗೂಸಿನ ಉಸಿರು ನಿಂತು ನಿಂತು ಬರುವುದರಿಂದ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. 60 ಅಥವಾ ಹೆಚ್ಚಿದ್ದರೆ ಕರೆಯಿರಿ.

ತಾಯಿಯ ವಿಷಯದಲ್ಲಿ: ಪ್ಯಾಡ್ ಬೇಗ ಬೇಗ ತೊಯ್ದುಹೋಗುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಚಳಿಜ್ವರ, ದುರ್ವಾಸನೆಯ ಸ್ರಾವ, ಮೀನಖಂಡದಲ್ಲಿ ನೋವು ಅಥವಾ ಬಾವು, ಏದುಸಿರು. "ಏನೋ ಸರಿಯಿಲ್ಲ" ಎಂದು ಬಾಣಂತಿ ಹೇಳಿದರೆ ಅದನ್ನೂ ಇದೇ ಪಟ್ಟಿಗೆ ಸೇರಿಸಿಕೊಳ್ಳಿ.

ಕರೆದಾಗ ರೋಗದ ಹೆಸರು ಹೇಳಬೇಡಿ, ಕಂಡದ್ದನ್ನು ಹೇಳಿ. "3ನೇ ಹಾಸಿಗೆಯ ಮಗು ಕಳೆದ 5 ಗಂಟೆಗಳಿಂದ ಹಾಲು ಕುಡಿದಿಲ್ಲ, ಅಂಗಾಲು ತಟ್ಟಿದರೂ ಕಣ್ಣು ಬಿಡುತ್ತಿಲ್ಲ" ಎಂದರೆ ನರ್ಸ್ ಕೈಯಲ್ಲಿರುವ ಕೆಲಸ ಬಿಟ್ಟು ಬರುತ್ತಾರೆ. "ಮಗು ಸ್ವಲ್ಪ ಸಪ್ಪಗಿದೆ" ಎಂದರೆ ಸರದಿಯಲ್ಲಿ ಬರುತ್ತಾರೆ.

ಮನೆಗೆ ಹೊರಡುವಾಗ

ಮರಳಿ ತೋರಿಸಬೇಕಾದ ದಿನಗಳನ್ನು ಚೀಟಿಯಲ್ಲಿ ಬರೆದುಕೊಡಿ: ಹೆರಿಗೆಯಾಗಿ 48ರಿಂದ 72 ಗಂಟೆಯ ನಡುವೆ, 7ರಿಂದ 14ನೇ ದಿನದೊಳಗೆ, ಮತ್ತೆ ಆರನೇ ವಾರ. ಹೊಕ್ಕುಳಬಳ್ಳಿಗೆ ವೈದ್ಯರು ಹೇಳದ ಏನನ್ನೂ ಹಚ್ಚದೆ ಒಣಗಲು ಬಿಡಲಿ. ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು ಬಹಳ ಬಾಣಂತಿಯರಿಗೆ ಆಗುವಂಥದ್ದು. ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ ವೈದ್ಯರ ಬಳಿಗೆ ಕರೆತರಬೇಕು. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಅದೇ ದಿನ. ಇದನ್ನು ತಾಯಿಗೆ ಮಾತ್ರವಲ್ಲ, ಕರೆದೊಯ್ಯಲು ಬಂದವರಿಗೂ ಕೂರಿಸಿ ಹೇಳಿ. ಆ ಎರಡು ವಾರ ಆಕೆಯ ಮುಖ ನೋಡುತ್ತಿರುವವರು ಅವರೇ.