ಗಡಿ ಮುಚ್ಚಿದಾಗ ಎಫ್-1 ವಿದ್ಯಾರ್ಥಿ ಏನು ಮಾಡಬೇಕು?

ಕೋವಿಡ್ ಬಂದಾಗ ನಾನು ಅಮೆರಿಕದಲ್ಲಿ ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಮಾಸ್ಟರ್ಸ್ ಓದುತ್ತಿದ್ದೆ. ಈಗಲೂ ಜೂನಿಯರ್‌ಗಳು ಫೋನ್ ಮಾಡುತ್ತಾರೆ. ‘ಅಕ್ಕಾ, ಮತ್ತೆ ಹಾಗೇ ಆದ್ರೆ?’ ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಪ್ರಶ್ನೆಯನ್ನು ಮೂರು ಮಾಡಿಕೊಳ್ಳಿ. ದೇಶದೊಳಗೆ ಬರಬಹುದಾ? ಸ್ಟೇಟಸ್, ಅಂದರೆ ವಿದ್ಯಾರ್ಥಿಯಾಗಿ ಕಾನೂನುಬದ್ಧವಾಗಿ ಅಲ್ಲಿರುವ ಅವಕಾಶ, ಉಳಿಯುತ್ತದಾ? ಕೆಲಸ ಮಾಡಬಹುದಾ? ಮೂರಕ್ಕೂ ಯಜಮಾನರು ಬೇರೆ ಬೇರೆ. ವೀಸಾ ಕೊಡುವುದು ಕಾನ್ಸುಲೇಟ್. ಸ್ಟೇಟಸ್ ದಾಖಲಾಗಿರುವುದು ಸೆವಿಸ್ ಎಂಬ ಸರ್ಕಾರಿ ಡೇಟಾಬೇಸ್‌ನಲ್ಲಿ, ಅದನ್ನು ನೋಡಿಕೊಳ್ಳುವವರು ನಿಮ್ಮ ಕಾಲೇಜಿನ ಡಿಎಸ್ಒ, ಅಂದರೆ ವಿದೇಶಿ ವಿದ್ಯಾರ್ಥಿಗಳ ಅಧಿಕಾರಿ. ಒಪಿಟಿ (ಓದಿಗೆ ಸಂಬಂಧಿಸಿದ ಕೆಲಸ ಮಾಡಲು ಸಿಗುವ ತಾತ್ಕಾಲಿಕ ಅನುಮತಿ) ಕಾರ್ಡ್ ಬರುವುದು ವಲಸೆ ಇಲಾಖೆ ಯುಎಸ್‌ಸಿಐಎಸ್‌ನಿಂದ. ಒಬ್ಬರು ಸಡಿಲ ಬಿಟ್ಟರೆ ಎಲ್ಲರೂ ಬಿಟ್ಟರು ಅಂದುಕೊಳ್ಳಬೇಡಿ. ನಮ್ಮ ಬ್ಯಾಚ್‌ನಲ್ಲಿ ಜಾಸ್ತಿ ಗೊಂದಲ ಆದದ್ದೇ ಇಲ್ಲಿ.

ಹೊಸ ನಿಯಮ ಬಂದ ದಿನವೇ ಟಿಕೆಟ್ ಬುಕ್ ಮಾಡಬೇಡಿ. ಮಾಮೂಲಿಯಾಗಿ ಒಂದು ಸೆಮಿಸ್ಟರ್‌ನಲ್ಲಿ ಒಂದೇ ಆನ್‌ಲೈನ್ ಕೋರ್ಸ್ ಅಥವಾ 3 ಕ್ರೆಡಿಟ್, ಸ್ಟೇಟಸ್‌ಗೆ ಬೇಕಾದ ಫುಲ್‌ಟೈಮ್ ಓದಿನ ಲೆಕ್ಕಕ್ಕೆ ಬರುತ್ತದೆ. 2020ರ ಮಾರ್ಚ್‌ನಲ್ಲಿ ಆ ಮಿತಿ ತೆಗೆದರು. ಜುಲೈ 6ರಂದು ಇದ್ದಕ್ಕಿದ್ದಂತೆ, ಕ್ಲಾಸ್ ಪೂರ್ತಿ ಆನ್‌ಲೈನ್ ಆದರೆ ದೇಶ ಬಿಡಿ, ಇಲ್ಲವೇ ಬೇರೆ ಕಾಲೇಜಿಗೆ ಸೇರಿ ಎಂದರು. ಹಾರ್ವರ್ಡ್ ಮತ್ತು ಎಂಐಟಿ ಕೋರ್ಟಿಗೆ ಹೋದವು. ಜುಲೈ 14ಕ್ಕೆ ಸರ್ಕಾರ ಅದನ್ನು ವಾಪಸ್ ತಗೊಂಡಿತು. ಆ ವಾರ ನಾವ್ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ ಬಿಡಿ.

ವಾಟ್ಸಾಪ್ ಫಾರ್ವರ್ಡ್ ಪಕ್ಕಕ್ಕಿಟ್ಟು ಮೂಲ ಪ್ರಕಟಣೆ ಓದಿ. ಎರಡೇ ವಿಷಯ ಹುಡುಕಿ: ಯಾವತ್ತಿನಿಂದ, ಯಾರಿಗೆ. ಆ ಆನ್‌ಲೈನ್ ರಿಯಾಯಿತಿ 2020ರ ಮಾರ್ಚ್ 9ಕ್ಕೆ ಆಗಲೇ ಸೆವಿಸ್‌ನಲ್ಲಿ ಆಕ್ಟಿವ್ ಇದ್ದವರಿಗೆ ಮಾತ್ರ. ಆಮೇಲೆ ಸೇರಿದವರು ಪೂರ್ತಿ ಆನ್‌ಲೈನ್ ಕೋರ್ಸಿಗಾಗಿ ದೇಶದೊಳಗೆ ಬರುವಂತಿರಲಿಲ್ಲ. ಒಂದೇ ಕ್ಲಾಸಿನ ಇಬ್ಬರಿಗೆ ಎರಡು ನಿಯಮ!

ಊರಿಗೆ ಹೋಗಲೇಬೇಕು ಅಂದರೆ ಮೊದಲು ಪಾಸ್‌ಪೋರ್ಟ್ ತೆಗೆದು ವೀಸಾ ಸ್ಟಾಂಪ್ ನೋಡಿ. ಸ್ಟಾಂಪ್ ಅವಧಿ ಮುಗಿದಿದ್ದರೂ ಸ್ಟೇಟಸ್ ಸರಿಯಿದ್ದರೆ ಅಮೆರಿಕದೊಳಗೆ ಇರಬಹುದು. ಹೊರಗೆ ಹೋದರೆ ವಾಪಸ್ ಬರಲು ಹೊಸದು ಬೇಕು. 2020ರ ಮಾರ್ಚ್‌ನಲ್ಲಿ ಕಾನ್ಸುಲೇಟ್‌ಗಳು ಮಾಮೂಲಿ ವೀಸಾ ಕೆಲಸವನ್ನೇ ನಿಲ್ಲಿಸಿದ್ದವು ಅನ್ನೋದು ನೆನಪಿರಲಿ. ಕಾಲೇಜು ಕೊಡುವ ಐ-20 ಪತ್ರದ ಮೇಲೆ ವಾಪಸ್ ಬರಲು ಡಿಎಸ್ಒ ಹಾಕುವ ಟ್ರಾವೆಲ್ ಸಿಗ್ನೇಚರ್, ಇನ್ನೂ ಓದುತ್ತಿರುವಾಗ ಒಂದು ವರ್ಷ, ಒಪಿಟಿಯಲ್ಲಿ ಆರು ತಿಂಗಳು ನಡೆಯುತ್ತದೆ.

ನಿರ್ಬಂಧ ಇದೆ ಅಂದಕೂಡಲೇ ಕೈಚೆಲ್ಲಬೇಡಿ, ವಿನಾಯಿತಿ ಹುಡುಕಿ. 2021ರ ಮೇ 4ರಿಂದ, ಹಿಂದಿನ 14 ದಿನ ಭಾರತದಲ್ಲಿದ್ದವರಿಗೆ ಅಮೆರಿಕ ಬಾಗಿಲು ಹಾಕಿತು. ಆದರೆ ಆಗಸ್ಟ್ 1 ಅಥವಾ ನಂತರ ಕೋರ್ಸ್ ಶುರುವಾಗುವ ಎಫ್-1 ವಿದ್ಯಾರ್ಥಿಗಳಿಗೆ ವಿನಾಯಿತಿ ಇತ್ತು. ಶುರುವಾಗುವ 30 ದಿನಕ್ಕಿಂತ ಮೊದಲು ಮಾತ್ರ ಬರುವಂತಿರಲಿಲ್ಲ. ಇದನ್ನು ಗಮನಿಸದೆ 14 ದಿನ ಬೇರೆ ದೇಶದಲ್ಲಿ ಉಳಿಯಲು ಸುಮ್ನೆ ದುಡ್ಡು ಸುರಿದವರನ್ನು ಬಲ್ಲೆ.

ಇನ್ನು ಕೆಲಸ. ಕ್ಲಾಸ್ ನಡೆಯುವಾಗ ಕ್ಯಾಂಪಸ್ ಕೆಲಸಕ್ಕೆ ವಾರಕ್ಕೆ 20 ಗಂಟೆ ಮಿತಿ. ಕ್ಲಾಸ್ ಆನ್‌ಲೈನ್ ಆಯ್ತು ಅಂತ ಅದು ಬದಲಾಗಲಿಲ್ಲ. ಆ ಕೆಲಸ ಮನೆಯಿಂದ ಮಾಡಬಹುದಾದರೆ ಮಾಡಲು ಬಿಟ್ಟರು, ಅಷ್ಟೇ. ದುಡ್ಡಿಗೆ ತೀರಾ ಕಷ್ಟವಾದರೆ ಡೆಲಿವರಿ ಕೆಲಸಕ್ಕೆ ಕದ್ದು ಹೋಗಬೇಡಿ. ಸ್ಟೇಟಸ್ಸೇ ಹೋಗುತ್ತದೆ. ಊಹಿಸದ ಆರ್ಥಿಕ ಕಷ್ಟ ಬಂದವರಿಗೆ ಕ್ಯಾಂಪಸ್ ಹೊರಗೆ ಕೆಲಸ ಮಾಡಲು ಅನುಮತಿ ಕೇಳುವ ದಾರಿಯೇ ಇದೆ. ಎಫ್-1ರಲ್ಲಿ ಒಂದು ಶೈಕ್ಷಣಿಕ ವರ್ಷ ಮುಗಿದಿರಬೇಕು, ಡಿಎಸ್ಒ ಶಿಫಾರಸು ಬೇಕು. ಈ ದಾರಿ ಎಷ್ಟೋ ಜನರಿಗೆ ಗೊತ್ತೇ ಇರಲ್ಲ.

ಒಪಿಟಿ ಅರ್ಜಿ ಅಮೆರಿಕದೊಳಗೆ ಇದ್ದುಕೊಂಡೇ ಹಾಕಬೇಕು. ಕೋರ್ಸ್ ಮುಗಿಯುವ 90 ದಿನ ಮೊದಲಿನಿಂದ, ಮುಗಿದ 60 ದಿನದೊಳಗೆ. ಕೋವಿಡ್ ಕಾಲದಲ್ಲೂ ಊರಿನಿಂದ ಹಾಕಲು ಬಿಡಲಿಲ್ಲ. ಹಾಗಾಗಿ ಕೊನೆಯ ಸೆಮಿಸ್ಟರ್‌ನಲ್ಲಿದ್ದರೆ ವಿಮಾನಕ್ಕಿಂತ ಮೊದಲು ಅರ್ಜಿ. ಒಪಿಟಿಯಲ್ಲಿ ಒಟ್ಟು 90 ದಿನ ಮಾತ್ರ ಕೆಲಸವಿಲ್ಲದೆ ಇರಬಹುದು. ಲೇ-ಆಫ್‌ಗಳ ನಡುವೆಯೂ ಆ ಲೆಕ್ಕವನ್ನು ನಿಲ್ಲಿಸಲಿಲ್ಲ. ವಾರಕ್ಕೆ 20 ಗಂಟೆಗಿಂತ ಕಡಿಮೆ ಕೆಲಸವಿದ್ದರೂ ಕೆಲಸವೆಂದೇ ಪರಿಗಣಿಸಿದರು, ಅದೊಂದು ಉಪಕಾರ. ಕೋವಿಡ್ ಕಾಲದ ಇಂಥ ಸಡಿಲಿಕೆಗಳೆಲ್ಲ ತಾತ್ಕಾಲಿಕ, ಈಗ ಇಲ್ಲ. ಹಳೆಯ ಸ್ಕ್ರೀನ್‌ಶಾಟ್ ನಂಬಿ ಈಗ ಪ್ಲಾನ್ ಮಾಡಬೇಡಿ.

ಡಿಎಸ್ಒ ಫೋನಲ್ಲಿ ಹೇಳಿದ್ದನ್ನು ಇಮೇಲ್‌ನಲ್ಲೂ ಕೇಳಿ ತರಿಸಿಕೊಳ್ಳಿ. ಪಿಡಿಎಫ್ ಮಾಡಿ ಐ-20 ಜೊತೆ ಇಡಿ. ವಲಸೆ ಅಧಿಕಾರಿ ಕೇಳಿದಾಗ ತೋರಿಸಲು ಕೈಯಲ್ಲೊಂದು ಕಾಗದ ಇರುತ್ತದೆ ಅಲ್ವಾ? ಹಾಸ್ಟೆಲ್ ಮುಚ್ಚಿ ಗೆಳೆಯರ ಮನೆಗೆ ಹೋದರೆ, ಹೊಸ ವಿಳಾಸವನ್ನು 10 ದಿನದೊಳಗೆ ಕಾಲೇಜಿಗೆ ತಿಳಿಸಿ.