ಡೌನ್‌ಹಿಲ್ ಸೈಕಲ್‌ಗೆ ಡಿಸ್ಕ್ ರೋಟರ್: ಕಡಿಮೆ ಖರ್ಚಿನಲ್ಲಿ ಆರಿಸಿ, ಸರಿಯಾಗಿ ಕೂರಿಸಿ

ಕಡಿದಾದ ಇಳಿಜಾರಿನಲ್ಲಿ ಓಡಿಸುವ ಡೌನ್‌ಹಿಲ್ ಸೈಕಲ್ ದುಬಾರಿ ಎನ್ನುವ ಮಾತು ಸುಳ್ಳಲ್ಲ. ಹಾಗಂತ ಅದರ ಪ್ರತಿ ಭಾಗವೂ ದುಬಾರಿಯೇ ಆಗಿರಬೇಕು ಎಂದೇನೂ ಇಲ್ಲ. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂದು ಗೊತ್ತಿರಬೇಕು, ಅಷ್ಟೇ. ಇನ್ನೊಂದು ವಿಷಯವಿದೆ. ರೋಟರ್ ಎಂದರೆ ಚಕ್ರದ ಜತೆ ತಿರುಗುವ, ಬ್ರೇಕ್ ಹಿಡಿಯುವ ಲೋಹದ ತಟ್ಟೆ. ಕಡಿಮೆ ಬೆಲೆಯ ರೋಟರನ್ನು ಶ್ರದ್ಧೆಯಿಂದ ಕೂರಿಸಿದರೆ, ಅವಸರದಲ್ಲಿ ಕೂರಿಸಿದ ದುಬಾರಿ ರೋಟರಿಗಿಂತ ಚೆನ್ನಾಗಿ ಬ್ರೇಕ್ ಹಿಡಿಯುತ್ತದೆ. ಈ ಕೆಲಸಕ್ಕೆ ಬೇಕಾಗುವುದು ಸಮಯ ಮತ್ತು ಗಮನ.

ದುಡ್ಡು ಎಲ್ಲಿ ಹಾಕಬೇಕು?

ಮೊದಲು ಬ್ರೇಕಿಗೆ, ಆಮೇಲೆ ಟೈರಿಗೆ, ಅದಾದ ಮೇಲೆ ಸಸ್ಪೆನ್ಷನ್‌ಗೆ. ಗೇರು ಕೊನೆಗೆ ಬರಲಿ. ಇಳಿಜಾರಿನಲ್ಲಿ ಪೆಡಲ್ ತುಳಿಯುವುದೇ ಕಡಿಮೆ. ಹಾಗಾಗಿ 9 ಅಥವಾ 10 ಸ್ಪೀಡಿನ ಹಳೆಯ ಗೇರು, ಜತೆಗೆ ಚೈನ್ ಕಳಚದಂತೆ ತಡೆಯುವ ಒಂದು ಚೈನ್ ಗೈಡ್ ಇದ್ದರೆ ಧಾರಾಳ ಸಾಕು. ಟೈರಿನಲ್ಲಿ ಮಾತ್ರ ರಾಜಿ ಬೇಡ. ಪಕ್ಕದ ಗೋಡೆ ದಪ್ಪಗಿರುವ, ಎರಡು ಪದರದ ಡೌನ್‌ಹಿಲ್ ಟೈರನ್ನೇ ತೆಗೆದುಕೊಳ್ಳಿ. ಫೋರ್ಕನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು. ಆದರೆ ಅದರ ನುಣುಪಾದ ಕೊಳವೆಗಳ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಇದ್ದರೆ ಬಿಟ್ಟುಬಿಡಿ. ಹ್ಯಾಂಡಲ್‌ಬಾರನ್ನು ಮಾತ್ರ ಯಾವತ್ತೂ ಹೊಸದೇ ತನ್ನಿ. ಅದು ಹಿಂದೆ ಎಷ್ಟು ಸಲ ನೆಲಕ್ಕೆ ಬಡಿದಿದೆ ಎಂದು ಹೊರಗಿನಿಂದ ಕಾಣುವುದಿಲ್ಲ.

ಬ್ರೇಕಿನಲ್ಲಿ ನಾಲ್ಕು ಪಿಸ್ಟನ್ನಿನ ಹೈಡ್ರಾಲಿಕ್ ಕ್ಯಾಲಿಪರ್ ಇರಲಿ. ಬ್ರೇಕ್ ಪ್ಯಾಡುಗಳನ್ನು ಎರಡೂ ಕಡೆಯಿಂದ ರೋಟರಿಗೆ ಒತ್ತುವ ಭಾಗವೇ ಕ್ಯಾಲಿಪರ್. ಶಿಮಾನೋ ಕಂಪನಿಯ ಎಂಟಿ 420, ಎಂಟಿ 520ರಂಥ ಕಡಿಮೆ ಬೆಲೆಯ ಮಾದರಿಗಳಲ್ಲೂ ಇದು ಸಿಗುತ್ತದೆ. ವೈರಿನಿಂದ ಎಳೆಯುವ ಡಿಸ್ಕ್ ಬ್ರೇಕ್ ಊರೊಳಗೆ ಓಡಿಸಲು ಪರವಾಗಿಲ್ಲ. ಉದ್ದದ ಇಳಿಜಾರಿನಲ್ಲಿ ಮಾತ್ರ ಅದನ್ನು ಒತ್ತಿ ಒತ್ತಿ ಬೆರಳು ಸೋತುಹೋಗುತ್ತದೆ.

ಇನ್ನು ರೋಟರ್. 160 ಮಿ.ಮೀ. ವ್ಯಾಸದ್ದರ ಬದಲು 203 ಮಿ.ಮೀ. ವ್ಯಾಸದ್ದು ಹಾಕಿದರೆ ಅಷ್ಟೇ ಕೈಬಲಕ್ಕೆ ಸುಮಾರು ಕಾಲುಭಾಗ ಜಾಸ್ತಿ ಹಿಡಿತ ಸಿಗುತ್ತದೆ. ಬಿಸಿಯನ್ನೂ ಅದು ಚೆನ್ನಾಗಿ ತಾಳುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಭಾಗ ಸೈಕಲ್‌ನಲ್ಲಿ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಉಕ್ಕಿನ ಎರಡು ಪದರದ ನಡುವೆ ಅಲ್ಯುಮಿನಿಯಂ ಸೇರಿಸಿದ ದುಬಾರಿ ರೋಟರುಗಳಿವೆ, ನಿಜ. ಆದರೆ ಒಂದೇ ತುಂಡಿನ ಸಾದಾ ಉಕ್ಕಿನ ರೋಟರ್ ಹೆಚ್ಚಿನವರಿಗೆ ಸಾಕು.

ಕೊಳ್ಳುವಾಗ ರೋಟರಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಅಗ್ಗದ ಕೆಲವು ರೋಟರುಗಳ ಮೇಲೆ 'ರೆಸಿನ್ ಪ್ಯಾಡ್ ಓನ್ಲಿ' ಎಂದಿರುತ್ತದೆ. ಲೋಹದ ಪುಡಿಯಿಂದ ಮಾಡಿದ ಮೆಟಲ್ ಪ್ಯಾಡ್ ಅದಕ್ಕೆ ಆಗದು, ರೋಟರ್ ಬೇಗ ಸವೆದುಹೋಗುತ್ತದೆ. ಡೌನ್‌ಹಿಲ್‌ಗೆ ಬಿಸಿ ತಾಳುವ ಮೆಟಲ್ ಪ್ಯಾಡೇ ಬೇಕಾಗುವುದರಿಂದ ಅಂಥ ರೋಟರ್ ಬೇಡ.

ಹಬ್ ಯಾವುದು ನೋಡಿ

ಚಕ್ರದ ನಡುವಿನ, ರೋಟರ್ ಕೂರುವ ಭಾಗವೇ ಹಬ್. ಅದು ಎರಡು ಬಗೆಯದು. ಮೊದಲನೆಯದಕ್ಕೆ ಆರು ಬೋಲ್ಟು. 44 ಮಿ.ಮೀ. ವ್ಯಾಸದ ವೃತ್ತದಲ್ಲಿ ಆರು ತೂತುಗಳಿರುತ್ತವೆ. ಎರಡನೆಯದು ಶಿಮಾನೋ ತಂದ ಸೆಂಟರ್ ಲಾಕ್. ಅದರಲ್ಲಿ ಹಬ್‌ನ ಹಲ್ಲುಗಳ ಮೇಲೆ ರೋಟರ್ ಕೂರುತ್ತದೆ, ಮೇಲಿನಿಂದ ಒಂದು ಲಾಕ್‌ರಿಂಗ್ ಹಿಡಿದುಕೊಳ್ಳುತ್ತದೆ. ಸೆಂಟರ್ ಲಾಕ್ ಹಬ್‌ಗೆ ಆರು ಬೋಲ್ಟಿನ ರೋಟರ್ ಹಾಕಲು ಅಡಾಪ್ಟರ್ ಸಿಗುತ್ತದೆ. ಆರು ಬೋಲ್ಟಿನ ಹಬ್‌ಗೆ ಸೆಂಟರ್ ಲಾಕ್ ರೋಟರ್ ಹಾಕಲು ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಚಕ್ರ ಕೊಳ್ಳುವವರು ಇದನ್ನು ನೆನಪಿಡಿ.

ಫೋರ್ಕ್ ಮತ್ತು ಫ್ರೇಮ್ ಎಷ್ಟು ದೊಡ್ಡ ರೋಟರನ್ನು ತಾಳುತ್ತವೆ ಎನ್ನುವುದನ್ನು ತಯಾರಕರು ಹೇಳಿರುತ್ತಾರೆ. ಆ ಮಿತಿ ದಾಟಬೇಡಿ. ರೋಟರ್ ದೊಡ್ಡದಾದರೆ ಕ್ಯಾಲಿಪರನ್ನು ಅಷ್ಟೇ ದೂರಕ್ಕೆ ಸರಿಸುವ ಅಡಾಪ್ಟರ್ ಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. 200 ಮತ್ತು 203 ಒಂದೇ ಅಲ್ಲ. ವ್ಯಾಸದಲ್ಲಿ 3 ಮಿ.ಮೀ. ಎಂದರೆ ಅಂಚಿನಲ್ಲಿ 1.5 ಮಿ.ಮೀ. ಹೆಚ್ಚು-ಕಡಿಮೆ. 203ರ ಅಡಾಪ್ಟರಿನಲ್ಲಿ 200ರ ರೋಟರ್ ಹಾಕಿದರೆ ಪ್ಯಾಡಿನ ಹೊರ ಅಂಚು ರೋಟರಿಗೆ ತಾಗದೆ ಉಳಿಯುತ್ತದೆ. ಅಡಾಪ್ಟರ್ ಯಾವ ಅಳತೆಗೆ ಎಂದು ಖಚಿತ ಮಾಡಿಕೊಂಡೇ ಕೊಳ್ಳಿ.

ಕೂರಿಸುವ ಕೆಲಸ

ನಕ್ಷತ್ರದಾಕಾರದ ತುದಿಯ ಟಿ 25 ಟಾರ್ಕ್ಸ್ ಕೀ, ಐಸೊಪ್ರೊಪೈಲ್ ಆಲ್ಕೋಹಾಲ್, ಒಗೆದ ಹತ್ತಿ ಬಟ್ಟೆ, ಬೋಲ್ಟು ಸಡಿಲವಾಗದಂತೆ ಹಚ್ಚುವ ನೀಲಿ ಬಣ್ಣದ ಥ್ರೆಡ್‌ಲಾಕ್ ಅಂಟು, ಆಗುವುದಾದರೆ ಬಿಗಿಮಾಡುವ ಬಲವನ್ನು ಅಳೆಯುವ ಒಂದು ಟಾರ್ಕ್ ರೆಂಚ್. ಇಷ್ಟನ್ನು ಪಕ್ಕದಲ್ಲಿಟ್ಟುಕೊಳ್ಳಿ. ಕೈಗೆ ಗ್ಲೌಸ್ ಹಾಕಿ. ಬೆರಳಿನ ಜಿಡ್ಡೂ ರೋಟರಿಗೆ ಒಳ್ಳೆಯದಲ್ಲ.

ಚಕ್ರ ಬಿಚ್ಚಿದ ಕೂಡಲೇ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತುಂಡನ್ನು ಸಿಕ್ಕಿಸಿ. ರೋಟರ್ ಇಲ್ಲದಾಗ ಯಾರಾದರೂ ಸುಮ್ನೆ ಬ್ರೇಕ್ ಒತ್ತಿದರೆ ಪಿಸ್ಟನ್ ಹೊರಗೆ ಬಂದು ಪ್ಯಾಡುಗಳು ಅಂಟಿಕೊಂಡುಬಿಡುತ್ತವೆ. ಈಗತಾನೇ ಇಳಿದು ಬಂದಿದ್ದರೆ ಸ್ವಲ್ಪ ಕಾಯಿರಿ, ಬಿಸಿ ರೋಟರ್ ಚರ್ಮ ಸುಡುತ್ತದೆ.

ಹಳೆಯ ರೋಟರ್ ಬಿಚ್ಚುವಾಗ ಒಂದು ಬೋಲ್ಟನ್ನು ಪೂರ್ತಿ ತೆಗೆದು ಆಮೇಲೆ ಇನ್ನೊಂದಕ್ಕೆ ಹೋಗಬೇಡಿ. ಎಲ್ಲವನ್ನೂ ಒಂದೊಂದು ಸುತ್ತು ಸಡಿಲಿಸಿ, ಆಮೇಲೆ ಬಿಚ್ಚಿ. ಕೀ ಪೂರ್ತಿ ಒಳಗೆ ಕೂತಿದೆಯೇ ಎಂದು ನೋಡಿಕೊಳ್ಳದೆ ತಿರುಗಿಸಿದರೆ ಬೋಲ್ಟಿನ ತಲೆ ಸವೆಯುತ್ತದೆ. ಹಬ್‌ನ ಮುಖವನ್ನು ಚೆನ್ನಾಗಿ ಒರೆಸಿ. ಅಲ್ಲಿ ಒಂದು ಕಾಳು ಮಣ್ಣು ಉಳಿದರೂ ರೋಟರ್ ಓರೆಯಾಗಿ ಕೂರುತ್ತದೆ. ಹೊಸ ರೋಟರ್ ಅಲುಗಾಡುತ್ತಿದೆ ಎಂದು ಎಷ್ಟೋ ಜನ ರೋಟರನ್ನೇ ದೂರುತ್ತಾರೆ. ಕಾರಣ ಎಷ್ಟೋ ಸಲ ಈ ಮಣ್ಣೇ.

ಹೊಸ ರೋಟರನ್ನು ಆಲ್ಕೋಹಾಲಿನಿಂದ ಒರೆಸಿ. ಅದರ ಮೇಲಿನ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗಿರಲಿ. ಹಳೆಯ ಬೋಲ್ಟುಗಳನ್ನೇ ಬಳಸುವುದಾದರೆ ಥ್ರೆಡ್ ಒರೆಸಿ, ಒಂದೊಂದಕ್ಕೂ ಒಂದೇ ಹನಿ ಥ್ರೆಡ್‌ಲಾಕ್ ಹಚ್ಚಿ. ಆರನ್ನೂ ಮೊದಲು ಕೈಯಿಂದಲೇ ಸಡಿಲವಾಗಿ ಹಾಕಿ. ಬಿಗಿಮಾಡುವ ಮುಂಚೆ, ಚಕ್ರ ತಿರುಗುವ ದಿಕ್ಕಿಗೆ ವಿರುದ್ಧವಾಗಿ ರೋಟರನ್ನು ತುಸು ತಳ್ಳಿ ಹಿಡಿದುಕೊಳ್ಳಿ. ಬ್ರೇಕ್ ಹಿಡಿದಾಗ ರೋಟರ್ ಆ ಕಡೆಗೇ ಒತ್ತುತ್ತದೆ. ತೂತಿನಲ್ಲಿರುವ ಕೂದಲೆಳೆಯ ಸಡಿಲವನ್ನು ಈಗಲೇ ತೆಗೆದರೆ ಮುಂದೆ ಟಕ್ ಟಕ್ ಸದ್ದು ಬರುವುದಿಲ್ಲ. ಇದನ್ನು ಮಾಡುವವರು ಕಡಿಮೆ, ಆದರೆ ಖಂಡಿತ ಮಾಡಿ.

ಈಗ ಬಿಗಿಮಾಡಿ. ಒಂದರ ನಂತರ ಅದರ ಎದುರಿನದು, ಹೀಗೆ ನಕ್ಷತ್ರ ಬಿಡಿಸಿದ ಹಾಗೆ, ಎರಡು ಮೂರು ಸುತ್ತಿನಲ್ಲಿ. ಬಲ ಎಷ್ಟಿರಬೇಕು ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಶಿಮಾನೋ 2ರಿಂದ 4 ನ್ಯೂಟನ್ ಮೀಟರ್ ಎನ್ನುತ್ತದೆ, ಸ್ರಾಮ್ 6.2 ಎನ್ನುತ್ತದೆ. ಎರಡೂ ನಾವು ಅಂದುಕೊಳ್ಳುವುದಕ್ಕಿಂತ ಕಡಿಮೆಯೇ. ಅಲ್ಯುಮಿನಿಯಂ ಹಬ್‌ನಲ್ಲಿ ಥ್ರೆಡ್ ಕಿತ್ತುಬಂದರೆ ಹಬ್ಬೇ ಹೋದಂತೆ. ಟಾರ್ಕ್ ರೆಂಚ್ ಇಲ್ಲದಿದ್ದರೆ ಕೀಯ ಗಿಡ್ಡ ಭಾಗವನ್ನು ಬೋಲ್ಟಿಗಿಟ್ಟು, ಉದ್ದ ಭಾಗವನ್ನು ಎರಡು ಬೆರಳಿನಿಂದ ತಿರುಗಿಸಿ. ಮೈಬಲವೆಲ್ಲ ಹಾಕಬೇಡಿ.

ಸೆಂಟರ್ ಲಾಕ್ ಆದರೆ ಕೆಲಸ ಬೇಗ ಮುಗಿಯುತ್ತದೆ. ಹಲ್ಲಿಗೆ ಹಲ್ಲು ಹೊಂದಿಸಿ, ಲಾಕ್‌ರಿಂಗನ್ನು 40 ನ್ಯೂಟನ್ ಮೀಟರಿಗೆ ಬಿಗಿಮಾಡಿ. 20 ಮಿ.ಮೀ. ಆ್ಯಕ್ಸಲ್ಲಿನ ಡೌನ್‌ಹಿಲ್ ಹಬ್‌ಗೆ ಹೊರಗಡೆ ಹಲ್ಲಿರುವ ಲಾಕ್‌ರಿಂಗ್ ಬೇಕು. ಕ್ಯಾಸೆಟ್ (ಹಿಂದಿನ ಚಕ್ರದ ಗೇರಿನ ಹಲ್ಲುಚಕ್ರಗಳ ಕಟ್ಟು) ಬಿಚ್ಚುವ ಟೂಲ್ ಅದಕ್ಕೆ ಹೊಂದುವುದಿಲ್ಲ.

ಕ್ಯಾಲಿಪರ್ ಹೊಂದಿಸುವುದು

ಚಕ್ರವನ್ನು ವಾಪಸ್ ಹಾಕಿ ಆ್ಯಕ್ಸಲ್ ಪೂರ್ತಿ ಬಿಗಿಮಾಡಿ. ಆಮೇಲೆ ಕ್ಯಾಲಿಪರಿನ ಎರಡು ಬೋಲ್ಟು ಸಡಿಲಿಸಿ, ಬ್ರೇಕ್ ಲಿವರನ್ನು ಗಟ್ಟಿಯಾಗಿ ಒತ್ತಿಹಿಡಿಯಿರಿ. ಹಾಗೆ ಹಿಡಿದಿರುವಾಗಲೇ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡಿ. ಶಿಮಾನೋ ಇದಕ್ಕೆ 6ರಿಂದ 8 ನ್ಯೂಟನ್ ಮೀಟರ್ ಹೇಳುತ್ತದೆ. ಚಕ್ರ ತಿರುಗಿಸಿ ಕಿವಿಗೊಡಿ. ಇಡೀ ಸುತ್ತು ಉಜ್ಜುವ ಸದ್ದು ಬಂದರೆ ಕ್ಯಾಲಿಪರ್ ಸರಿದಿದೆ, ಮತ್ತೆ ಹೊಂದಿಸಿ. ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಸರ್ ಎಂದರೆ ರೋಟರ್ ಬಾಗಿದೆ. ಹಿಂದೆ ಬಿಳಿ ಕಾಗದ ಹಿಡಿದರೆ ಬಾಗಿದ ಜಾಗ ಚೆನ್ನಾಗಿ ಕಾಣುತ್ತದೆ. ಚಕ್ರ ನಿಲ್ಲಿಸಿ, ಒರೆಸಿದ ಅಡ್ಜಸ್ಟಬಲ್ ಸ್ಪ್ಯಾನರಿನಿಂದ ಅಲ್ಲಿ ಹಗುರವಾಗಿ ಬಾಗಿಸಿ, ಮತ್ತೆ ನೋಡಿ. ತಿರುಗುವ ರೋಟರಿನ ಹತ್ತಿರ ಬೆರಳು ಇಡಲೇಬೇಡಿ. ಅದರ ತೂತುಗಳು ಬೆರಳನ್ನು ಕತ್ತರಿಸಿಬಿಡಬಲ್ಲವು.

ಪಳಗಿಸದೆ ಬೆಟ್ಟಕ್ಕೆ ಹೋಗಬೇಡಿ

ಹೊಸ ರೋಟರ್ ಮೊದಲ ದಿನ ಬ್ರೇಕ್ ಹಿಡಿಯದಿದ್ದರೆ ಗಾಬರಿ ಬೇಡ. ಪ್ಯಾಡಿನ ತೆಳುವಾದ ಪದರ ರೋಟರಿನ ಮೇಲೆ ಎಲ್ಲ ಕಡೆ ಸಮನಾಗಿ ಕೂರಬೇಕು. ಸಮತಟ್ಟಾದ, ವಾಹನವಿಲ್ಲದ ಜಾಗಕ್ಕೆ ಹೋಗಿ. ಸಾಧಾರಣ ವೇಗದಿಂದ ನಡಿಗೆಯ ವೇಗದವರೆಗೆ ನಿಧಾನ ಮಾಡಿ, ಹೀಗೆ 20 ಸಲ. ಆಮೇಲೆ ಇನ್ನಷ್ಟು ವೇಗದಿಂದ 10 ಸಲ. ಚಕ್ರ ಪೂರ್ತಿ ನಿಲ್ಲಕೂಡದು, ಜಾರಲೂಕೂಡದು. ಬಿಸಿಯಾದ ರೋಟರಿನ ಮೇಲೆ ಪ್ಯಾಡ್ ನಿಂತರೆ ಅದೇ ಜಾಗದಲ್ಲಿ ಗಡ್ಡೆಗಟ್ಟಿದ ಹಾಗಾಗಿ ಬ್ರೇಕ್ ನಡುಗುತ್ತದೆ. ಮುಂದಿನ ಬ್ರೇಕಿಗೂ ಹಿಂದಿನದಕ್ಕೂ ಬೇರೆ ಬೇರೆಯಾಗಿ ಮಾಡಿ.

ಚೈನಿಗೆ ಎಣ್ಣೆ ಹಾಕುವಾಗ ಸ್ಪ್ರೇ ಬಳಸಬೇಡಿ, ಹನಿ ಹನಿಯಾಗಿ ಹಾಕಿ. ಎಣ್ಣೆ ಕುಡಿದ ಪ್ಯಾಡ್ ಮತ್ತೆ ಮೊದಲಿನಂತೆ ಆಗುವುದು ಕಷ್ಟ.

ಮೊದಲ ಉದ್ದದ ಇಳಿತದ ನಂತರ ರೋಟರ್ ತಣ್ಣಗಾಗಲು ಬಿಟ್ಟು ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ನೋಡಿ. ಆಗಾಗ ರೋಟರಿನ ದಪ್ಪವನ್ನೂ ಅಳೆಯಿರಿ. ಶಿಮಾನೋದ ರೋಟರ್ ಹೊಸದಾಗಿ 1.8 ಮಿ.ಮೀ. ಇರುತ್ತದೆ, 1.5ಕ್ಕೆ ಇಳಿದರೆ ಬದಲಿಸಬೇಕು. ಬೇರೆ ಕಂಪನಿಗಳ ಕನಿಷ್ಠ ದಪ್ಪ ಸಾಮಾನ್ಯವಾಗಿ ರೋಟರಿನ ಮೇಲೆಯೇ ಕೊರೆದಿರುತ್ತದೆ. ಒಂದೇ ಕಡೆ ಅಳೆದರೆ ಸಾಲದು, ಮೂರು ನಾಲ್ಕು ಜಾಗದಲ್ಲಿ ನೋಡಿ. ಯಾವುದಾದರೂ ಒಂದು ಜಾಗ ಮಿತಿಗಿಂತ ತೆಳುವಾಗಿದ್ದರೂ ಆ ರೋಟರನ್ನು ತೆಗೆದುಹಾಕಿ.