"ಸಂಪೂರ್ಣವಾಗಿ ಅಳಿಸಲಾಗಿದೆ" ಎಂದು ಬರೆಯುತ್ತಿದ್ದೆ

ಮೂರು ಸಾಲಿನ ಇಮೇಲ್ ಅದು. ಮೊದಲ ಎರಡು ಸಾಲು ನನಗೆ ಹೊಸದಲ್ಲ: ನನ್ನ ಖಾತೆ ಮುಚ್ಚಿ, ನನ್ನ ಮಾಹಿತಿಯನ್ನೆಲ್ಲ ಅಳಿಸಿ. ಮೂರನೆಯ ಸಾಲಿನಲ್ಲಿ ಆ ಗ್ರಾಹಕಿ ಕೇಳಿದ್ದರು: "ನನ್ನ ಮಾತುಗಳಿಂದ ನಿಮ್ಮ ಯಂತ್ರ ಕಲಿತದ್ದನ್ನೂ ಅಳಿಸುತ್ತೀರಾ?"

ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಗ್ರಾಹಕರ ದತ್ತಾಂಶ ಸಂರಕ್ಷಣೆ ನೋಡಿಕೊಳ್ಳುವುದು ನನ್ನ ಕೆಲಸ. ಇಂಥ ಕೋರಿಕೆ ಬಂದಾಗ ಒಂದು ಸಣ್ಣ ಪ್ರೋಗ್ರಾಂ ಓಡಿಸಿ, ಮುಖ್ಯ ಡೇಟಾಬೇಸ್‌ನಿಂದ ಆ ಖಾತೆಯ ಸಾಲುಗಳನ್ನು ತೆಗೆದು, "ನಿಮ್ಮ ಮಾಹಿತಿಯನ್ನು ಸಂಪೂರ್ಣವಾಗಿ ಅಳಿಸಲಾಗಿದೆ" ಎಂಬ ಸಿದ್ಧ ಉತ್ತರವನ್ನು ಕಳಿಸುತ್ತಿದ್ದೆ. ಐದು ನಿಮಿಷದ ಕೆಲಸ. ಆ "ಸಂಪೂರ್ಣವಾಗಿ" ಎಂಬ ಪದವನ್ನು ಯಾವಾಗ ಯಾರು ಸೇರಿಸಿದರೋ. ತೆಗೆಯಬೇಕೆಂದು ನನಗಂತೂ ಅನ್ನಿಸಿರಲಿಲ್ಲ.

ಆಕೆ ಇದ್ದದ್ದು ಯುರೋಪಿನಲ್ಲಿ. 2018ರ ಮೇ 25ರಿಂದ ಅಲ್ಲಿ ಅನ್ವಯವಾಗುತ್ತಿರುವ ದತ್ತಾಂಶ ಸಂರಕ್ಷಣಾ ಕಾನೂನು ಜಿಡಿಪಿಆರ್‌ನ 17ನೇ ವಿಧಿ ಅಳಿಸುವಂತೆ ಕೇಳುವ ಹಕ್ಕನ್ನು ಕೊಡುತ್ತದೆ. ಉತ್ತರಿಸಲು ನಮಗೆ ಒಂದು ತಿಂಗಳು. ವಿಷಯ ಜಟಿಲವಾಗಿದ್ದರೆ ಇನ್ನೆರಡು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಅಳಿಸುವ ಹಕ್ಕಿದೆ. ಆದರೆ ನಮ್ಮದರಂತೆ ಗ್ರಾಹಕರ ಚಾಟ್‌ಗಳಿಂದ ಕಲಿತು ಉತ್ತರ ಬರೆಯುವ ಎಐ ಯಂತ್ರದ, ಅಂದರೆ ಒಮ್ಮೆ ಕಲಿತ ಮಾಡೆಲ್‌ನ ಹೊಟ್ಟೆಯೊಳಗಿನಿಂದ ಒಬ್ಬರ ಮಾತನ್ನು ಹೇಗೆ ತೆಗೆಯಬೇಕೆಂದು ಎರಡೂ ಹೇಳುವುದಿಲ್ಲ.

ಮೊದಲು ಮಾಡೆಲ್ ಬಿಟ್ಟು ಮಿಕ್ಕದ್ದನ್ನು ಹುಡುಕೋಣವೆಂದು ಕುಳಿತೆ. ಎರಡು ವಾರ ಹಿಡಿಯಿತು. ಬ್ಯಾಕಪ್‌ಗಳಲ್ಲಿ ಆಕೆ ಇದ್ದರು, ದೋಷ ಹುಡುಕಲೆಂದು ಇಟ್ಟ ಲಾಗ್‌ಗಳಲ್ಲಿ ಇದ್ದರು, ಸಹೋದ್ಯೋಗಿಯೊಬ್ಬರು ಯಾವುದೋ ವರದಿಗೆಂದು ಇಳಿಸಿಕೊಂಡು ಮರೆತ ಎಕ್ಸೆಲ್ ಕಡತದಲ್ಲೂ ಇದ್ದರು. ಚಾಟ್‌ಗಳನ್ನು ವಿಂಗಡಿಸಿ ಗುರುತು ಹಾಕಲು ಹೊರಗಿನವರಿಗೆ ಕೊಟ್ಟಿದ್ದ ಪ್ರತಿ ಇನ್ನೂ ಅವರ ಬಳಿಯೇ ಇತ್ತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಸಾಲಕ್ಕಿಂತ ದತ್ತಾಂಶಕ್ಕೇ ಹೆಚ್ಚು ಒಪ್ಪುತ್ತದೆ.

ಕೊನೆಗೆ ಉಳಿದದ್ದು ತರಬೇತಿ ದತ್ತಾಂಶ, ಅಂದರೆ ಮಾಡೆಲ್‌ಗೆ ಕಲಿಸಲು ಬಳಸಿದ ಚಾಟ್‌ಗಳು. "ಅದರಲ್ಲಿ ಯಾರ ಹೆಸರೂ ಇಲ್ಲ ಸರ್, ಎಲ್ಲ ಅನಾಮಿಕ" ಎಂದು ಮಾಡೆಲ್ ತಂಡದ ಎಂಜಿನಿಯರ್ ಭರವಸೆ ಕೊಟ್ಟ. ನಿಜ, ಹೆಸರಿನ ಅಂಕಣ ಇರಲಿಲ್ಲ. ಇಮೇಲ್ ವಿಳಾಸವನ್ನು ಹ್ಯಾಶ್ ಮಾಡಿ ಉದ್ದದ ಸಂಕೇತವಾಗಿಸಿದ್ದರು. ಅದೇ ವಿಳಾಸಕ್ಕೆ ಪ್ರತಿ ಸಲ ಅದೇ ಸಂಕೇತ ಬರುತ್ತದೆ. ನಾನು ಆಕೆಯ ವಿಳಾಸವನ್ನು ಅದೇ ವಿಧಾನದಿಂದ ಹ್ಯಾಶ್ ಮಾಡಿ ಹುಡುಕಿದೆ. ಒಂದೇ ಏಟಿಗೆ ಎಲ್ಲ ಸಾಲುಗಳೂ ಸಿಕ್ಕವು. ವಿಳಾಸಗಳ ಪಟ್ಟಿ ಇರುವ ಯಾರಾದರೂ ಇದನ್ನು ಮಾಡಬಹುದು. ಆ ಅಂಕಣವನ್ನೂ ಮುಚ್ಚಿ ಬರೀ ಚಾಟ್ ಓದಿದೆ. ತನ್ನ ಕಾಯಿಲೆ, ಕೆಲಸ ಮಾಡುವ ಜಾಗ, ಮಗನ ಶಾಲೆ, ಎಲ್ಲವನ್ನೂ ಆಕೆಯೇ ಬರೆದಿದ್ದರು. ಬಿಲ್ ಯಾಕೆ ತಡವಾಯಿತೆಂದು ವಿವರಿಸುವಾಗ ಮನುಷ್ಯರು ಇದನ್ನೆಲ್ಲ ಹೇಳಿಕೊಳ್ಳುತ್ತಾರೆ. 2006ರಲ್ಲಿ ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್ ಸುಮಾರು ಆರೂವರೆ ಲಕ್ಷ ಬಳಕೆದಾರರ ಹುಡುಕಾಟದ ಪದಗಳನ್ನು, ಹೆಸರಿನ ಬದಲು ಸಂಖ್ಯೆ ಹಾಕಿ, ಬಿಡುಗಡೆ ಮಾಡಿತ್ತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಒಂದು ಸಂಖ್ಯೆಯ ಹಿಂದಿದ್ದ ಮಹಿಳೆಯ ಮನೆ ಬಾಗಿಲಿಗೇ ಹೋಗಿದ್ದರು. ಆ ಕಥೆಯನ್ನು ಸಿಬ್ಬಂದಿಯ ತರಬೇತಿಗಳಲ್ಲಿ ಹತ್ತಾರು ಸಲ ಹೇಳಿದವನು ನಾನೇ. ನಮ್ಮದೇ ಕಡತವನ್ನು ಮಾತ್ರ ತೆರೆದು ನೋಡಿರಲಿಲ್ಲ.

ಇನ್ನು ಮಾಡೆಲ್. "ನೀರಿಗೆ ಉಪ್ಪು ಕರಗಿಸಿದ ಮೇಲೆ ಆ ಕಣ ಹೆಕ್ಕಿಕೊಡಿ ಎಂದರೆ ಹೇಗೆ ಸರ್?" ಎಂದ ಎಂಜಿನಿಯರ್. ಅರ್ಧ ಸರಿ. ಕಲಿತದ್ದು ಕೋಟ್ಯಂತರ ಸಂಖ್ಯೆಗಳಲ್ಲಿ ಹರಡಿಕೊಂಡಿರುತ್ತದೆ, ಇದು ಇವರ ಸಾಲು ಎಂದು ಬೆರಳಿಟ್ಟು ತೋರಿಸಲಾಗದು. ಆದರೆ ಎಲ್ಲವೂ ಕರಗಿರುವುದಿಲ್ಲ. ಆಕೆಯ ವಾಕ್ಯಗಳ ಮೊದಲರ್ಧವನ್ನು ಮಾಡೆಲ್‌ಗೆ ಕೊಟ್ಟು ಮುಂದುವರಿಸಲು ಬಿಟ್ಟೆವು. ಹೆಚ್ಚಿನವಕ್ಕೆ ಏನೇನೋ ಬರೆಯಿತು. ಒಂದು ವಾಕ್ಯವನ್ನು ಮಾತ್ರ, ಔಷಧದ ಹೆಸರೂ ಸೇರಿ, ಹೆಚ್ಚುಕಡಿಮೆ ಪದಪದವಾಗಿ ಪೂರ್ತಿ ಮಾಡಿತು. ಎಂಜಿನಿಯರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. ಉತ್ತರ ಬರದಿದ್ದಾಗ ಆಕೆ ಅದೇ ದೂರನ್ನು ಹದಿನಾಲ್ಕು ಸಲ ಅಂಟಿಸಿದ್ದರು. ಮತ್ತೆ ಮತ್ತೆ ಕಂಡ ಪಠ್ಯವನ್ನು ಇಂಥ ಮಾಡೆಲ್‌ಗಳು ಬಾಯಿಪಾಠ ಮಾಡುವುದು ಹೆಚ್ಚು. ನಾವು ಕಾಯಿಸಿದ್ದಕ್ಕೇ ಆಕೆಯ ಕಾಯಿಲೆ ಯಂತ್ರದ ನೆನಪಿನಲ್ಲಿ ಉಳಿದಿತ್ತು.

ಮಾಡೆಲ್ಲನ್ನು ಹಿಂದಕ್ಕೆ ಪಡೆಯಬೇಕೆಂದರೆ ಆಡಳಿತ ಮಂಡಳಿ ಸುಲಭಕ್ಕೆ ಒಪ್ಪುವುದಿಲ್ಲ. ಎರಡು ಸಂಗತಿ ಕೆಲಸಕ್ಕೆ ಬಂದವು. ಫೋಟೊ ಸಂಗ್ರಹಿಸುವ ಎವರ್‌ಆಲ್ಬಮ್ ಎಂಬ ಕಂಪನಿಯ ಪ್ರಕರಣದಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2021ರಲ್ಲಿ ಫೋಟೊಗಳನ್ನಷ್ಟೇ ಅಲ್ಲ, ಅವುಗಳಿಂದ ಕಟ್ಟಿದ ಮುಖ ಗುರುತಿಸುವ ಮಾಡೆಲ್‌ಗಳನ್ನೂ ಅಳಿಸುವಂತೆ ಆದೇಶಿಸಿತ್ತು. ವೈಯಕ್ತಿಕ ದತ್ತಾಂಶದಿಂದ ತರಬೇತಿಗೊಂಡ ಮಾಡೆಲ್ಲನ್ನು ಎಲ್ಲ ಸಂದರ್ಭಗಳಲ್ಲೂ ಅನಾಮಿಕ ಎಂದು ಪರಿಗಣಿಸಲಾಗದು, ಒಂದೊಂದನ್ನೂ ಪರೀಕ್ಷಿಸಬೇಕು ಎಂದು ಐರೋಪ್ಯ ದತ್ತಾಂಶ ಸಂರಕ್ಷಣಾ ಮಂಡಳಿ 2024ರ ಡಿಸೆಂಬರ್‌ನಲ್ಲಿ ಹೇಳಿತ್ತು. ನಮ್ಮ ಪರೀಕ್ಷೆಯ ಫಲಿತಾಂಶ ಪರದೆಯ ಮೇಲೇ ಇತ್ತು. ಇವೆರಡಕ್ಕಿಂತ ಆ ಔಷಧದ ಹೆಸರು ಹೆಚ್ಚು ಮಾತಾಡಿತು ಎನ್ನಿ.

ಮರುತರಬೇತಿಗೆ ಮುನ್ನ ಪುನರಾವರ್ತನೆಗಳನ್ನು ತೆಗೆದೆವು. ಪ್ರತಿ ಸಾಲು ಯಾವ ಖಾತೆಯಿಂದ ಬಂತೆಂಬ ದಾಖಲೆಯನ್ನು ಬೇರೆ ಕಡೆ, ಬೇರೆ ಬೀಗದಲ್ಲಿ ಇಟ್ಟೆವು. ಇದು ವಿಚಿತ್ರ: ಒಬ್ಬರನ್ನು ಮರೆಯಲು ಅವರು ಎಲ್ಲೆಲ್ಲಿದ್ದಾರೆಂದು ನೆನಪಿಡಬೇಕು. ಆ ದಾಖಲೆಗೂ ಒಂದು ಕೊನೆಯ ದಿನಾಂಕ ಹಾಕಿದೆವು. ಹೊಸ ಮಾಡೆಲ್ ಬರುವವರೆಗೆ ಹಳೆಯದನ್ನು ನಿಲ್ಲಿಸಿದೆವು. ಉತ್ತರಗಳಿಗೆ ಸೋಸುಕ ಹಾಕಿದರೆ ಸಾಲದೇ ಎಂದು ಕೇಳಿದವರಿದ್ದರು. ಸೋಸುಕ ಬಾಯಿ ಮುಚ್ಚಿಸುತ್ತದೆ, ನೆನಪನ್ನು ತೆಗೆಯುವುದಿಲ್ಲ.

ಸಮ್ಮತಿಯ ವಿಷಯದಲ್ಲಿ ಕಾನೂನು ತಂಡದೊಂದಿಗೆ ಜಗಳ ಇನ್ನೂ ಮುಗಿದಿಲ್ಲ. "ಸೇವೆಯನ್ನು ಉತ್ತಮಪಡಿಸಲು" ಎಂಬ ನಮ್ಮ ಹಳೆಯ ಒಕ್ಕಣೆಯಲ್ಲಿ ಯಂತ್ರದ ತರಬೇತಿಯೂ ಅಡಗಿದೆ ಎಂಬುದು ಅವರ ವಾದ. ಒಂದು ಉದ್ದೇಶಕ್ಕೆ ಪಡೆದದ್ದನ್ನು ಅದಕ್ಕೆ ಹೊಂದದ ಇನ್ನೊಂದಕ್ಕೆ ಬಳಸಬಾರದೆಂದು ಜಿಡಿಪಿಆರ್‌ನ 5ನೇ ವಿಧಿ ಹೇಳುವಾಗ, ಬಿಲ್ ಬಗ್ಗೆ ದೂರು ಕೊಟ್ಟವರು ಪಾಠ ಹೇಳಲು ಒಪ್ಪಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಆ ಗ್ರಾಹಕಿಗೆ ಎರಡು ಪುಟದ ಉತ್ತರ ಹೋಯಿತು: ಎಲ್ಲೆಲ್ಲಿ ಅಳಿಸಿದೆವು, ಯಾವ ಬ್ಯಾಕಪ್ ಯಾವ ದಿನ ತಾನಾಗಿ ಅಳಿಯುತ್ತದೆ, ಹಳೆಯ ಮಾಡೆಲ್ ಎಂದು ನಾಶವಾಯಿತು. "ಸಂಪೂರ್ಣವಾಗಿ" ಎಂಬ ಪದ ಅದರಲ್ಲಿ ಇರಲಿಲ್ಲ. ಧನ್ಯವಾದವೆಂದು ಒಂದೇ ಪದದ ಮರುತ್ತರ ಬಂತು.

ಆ ಸಂಜೆ ಹಳೆಯ ಕಡತ ತೆರೆದು, ಸಿದ್ಧ ಉತ್ತರ ಹೋಗಿದ್ದವರನ್ನು ಎಣಿಸಿದೆ. ನಲವತ್ತೊಂದು ಮಂದಿ. ಈಗ ಹದಿನೇಳನೆಯವರ ಪತ್ರ ಬರೆಯುತ್ತಿದ್ದೇನೆ.